ಮುಚ್ಚಳಿಕೆ ಬರೆದವನ ಕೋವಿ, ಆರೋಪ ಹೊತ್ತವನ ಕೋವಿ

ಕೊಲೆ ಪ್ರಕರಣದಲ್ಲಿ ಆರೋಪಿಯಾಗಿ ಜಾಮೀನಿನ ಮೇಲೆ ಹೊರಗಿದ್ದ ನಟ ದರ್ಶನ್ ಅವರಿಗೆ 2025ರ ಜನವರಿಯಲ್ಲಿ ಬೆಂಗಳೂರು ಪೊಲೀಸರು ನೋಟಿಸು ಕೊಟ್ಟರು. ನಿಮ್ಮ ಬಂದೂಕು ಪರವಾನಗಿಯ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು, ಕಾರಣ ತಿಳಿಸಿ ಎಂಬುದು ಅದರ ಸಾರ. ತಾನು ಹೆಸರಾಂತ ನಟ, ಆತ್ಮರಕ್ಷಣೆಗೆ ಬಂದೂಕು ಬೇಕು ಎಂದು ಅವರು ಉತ್ತರಿಸಿದರು. ಉತ್ತರ ಪೊಲೀಸರಿಗೆ ಒಪ್ಪಿಗೆಯಾಗಲಿಲ್ಲ. ಪರವಾನಗಿಯನ್ನು ತಾತ್ಕಾಲಿಕವಾಗಿ ಅಮಾನತು ಮಾಡಿದರು.

ಆ ಪ್ರಕರಣದ ಸರಿತಪ್ಪನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ನನ್ನ ಆಸಕ್ತಿ ಅದರ ಬೆನ್ನಿಗೆ ಎದ್ದ ವಾದದಲ್ಲಿದೆ. ಅಪರಾಧ ಸಾಬೀತಾಗುವ ತನಕ ಎಲ್ಲರೂ ನಿರಪರಾಧಿಗಳು ಎಂದಮೇಲೆ ತೀರ್ಪಿಗೆ ಮೊದಲೇ ಬಂದೂಕು ಕಿತ್ತುಕೊಳ್ಳುವುದು ಯಾವ ನ್ಯಾಯ ಎಂದು ಕೆಲವರು ಕೇಳುತ್ತಾರೆ. ಕೊಲೆ ಆರೋಪ ಹೊತ್ತವನ ಮನೆಯಲ್ಲಿ ಬಂದೂಕು ಅಷ್ಟು ತಿಂಗಳು ಉಳಿದದ್ದಾದರೂ ಹೇಗೆ ಎಂದು ಇನ್ನು ಕೆಲವರು ಕೇಳುತ್ತಾರೆ. ಎರಡೂ ಪ್ರಶ್ನೆಗಳಲ್ಲಿ ಹುರುಳಿದೆ. ಆದರೆ ಕಾನೂನಿನ ಲೆಕ್ಕಾಚಾರವೇ ಬೇರೆ. ಮಲೆನಾಡಿನಲ್ಲಿ ತೋಟಕ್ಕೆ ಮಂಗ ಬಂದರೆ ಕೋವಿ ಹಿಡಿದು ಓಡುವ ರೈತನಿಗೆ ಈ ಲೆಕ್ಕಾಚಾರ ಸಿನಿಮಾ ನಟನಿಗಿಂತ ಹೆಚ್ಚು ತಟ್ಟುತ್ತದೆ.

ಮೊದಲು ಬುಡದಿಂದ ಹೊರಡೋಣ. ಭಾರತದಲ್ಲಿ ಬಂದೂಕು ಇಟ್ಟುಕೊಳ್ಳುವುದು ಮೂಲಭೂತ ಹಕ್ಕಲ್ಲ. ಆಗಬಹುದಾಗಿದ್ದ ಒಂದು ಗಳಿಗೆ ಇತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಅವರು ಆಯುಧ ಹೊಂದುವ ಹಕ್ಕನ್ನೂ ನಾಗರಿಕ ಸ್ವಾತಂತ್ರ್ಯಗಳ ಸಾಲಿಗೆ ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದರು. ಅವರು ಹುಟ್ಟಿದ್ದು ಮಂಗಳೂರಿನಲ್ಲಿ. ಅವರ ಬೇಡಿಕೆ ಹುಚ್ಚಾಟವೇನೂ ಆಗಿರಲಿಲ್ಲ. 1878ರ ಬ್ರಿಟಿಷ್ ಶಸ್ತ್ರ ಕಾಯ್ದೆಯಡಿ ಭಾರತೀಯನಿಗೆ ಪರವಾನಗಿ ಕಡ್ಡಾಯವಾಗಿತ್ತು, ಯುರೋಪಿಯನ್ನರಿಗೆ ವಿನಾಯಿತಿ ಇತ್ತು. ಆ ಅವಮಾನದ ನೆನಪು ಸ್ವಾತಂತ್ರ್ಯ ಹೋರಾಟಗಾರರಲ್ಲಿ ಹಸಿಯಾಗಿಯೇ ಇತ್ತು. ಅಂಬೇಡ್ಕರ್ ಮಾತ್ರ ಒಪ್ಪಲಿಲ್ಲ. ಯಾರು ಬೇಕಾದರೂ ಪೇಟೆಗೆ ಹೋಗಿ ಆಯುಧ ಕೊಂಡು ತರಬಹುದು ಎಂದಾದರೆ ರಾಜ್ಯವನ್ನು ನಡೆಸುವುದು ಹೇಗೆ ಎಂಬುದು ಅವರ ನಿಲುವಾಗಿತ್ತು. ತಿದ್ದುಪಡಿ ಬಿದ್ದುಹೋಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರ ಪೀಠವೂ ಅಮೆರಿಕದಲ್ಲಿರುವಂಥ ಹಕ್ಕನ್ನು ನಮ್ಮ ಸಂವಿಧಾನ ಯಾರಿಗೂ ಕೊಟ್ಟಿಲ್ಲ ಎಂದು ನೆನಪಿಸಿತು.

ಹಾಗಾಗಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ನಮಗೆ ಸಿಗುವುದು ಅನುಮತಿ ಮಾತ್ರ. ಜಿಲ್ಲೆಯಲ್ಲಿ ಅದನ್ನು ಕೊಡುವವರು ಜಿಲ್ಲಾಧಿಕಾರಿ, ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಆಯುಕ್ತರು. ನಿರಪರಾಧಿತ್ವದ ತತ್ವ ಒಬ್ಬನನ್ನು ಶಿಕ್ಷೆಯಿಂದ ಕಾಯುತ್ತದೆ. ಕೊಟ್ಟ ಅನುಮತಿಯನ್ನು ತಡೆಹಿಡಿಯುವುದು ಕಾನೂನಿನ ಕಣ್ಣಿನಲ್ಲಿ ಶಿಕ್ಷೆಯಲ್ಲ, ಮುನ್ನೆಚ್ಚರಿಕೆ. ಮೊದಲ ವಾದದವರು ಎಡವುವುದು ಇಲ್ಲಿ.

ಎರಡನೆಯ ವಾದದವರಿಗೆ ಕಾಯ್ದೆಯ 9ನೇ ಕಲಂ ಓದಿದರೆ ಆಶ್ಚರ್ಯವಾಗಬಹುದು. ಯಾರು ಬಂದೂಕನ್ನು ಮುಟ್ಟಲೇಬಾರದು ಎಂದು ಅದು ಹೇಳುತ್ತದೆ. 21 ವರ್ಷ ತುಂಬದವರು ಮುಟ್ಟುವಂತಿಲ್ಲ. ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಜೈಲುಶಿಕ್ಷೆಯಾದವರು, ಶಿಕ್ಷೆ ಮುಗಿದು ಐದು ವರ್ಷ ಕಳೆಯುವ ತನಕ ಮುಟ್ಟುವಂತಿಲ್ಲ. ಶಾಂತಿ ಕಾಪಾಡುತ್ತೇನೆ, ಸನ್ನಡತೆಯಿಂದ ಇರುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಬೇಕೆಂದು ಆದೇಶವಾದವರು, ಆ ಮುಚ್ಚಳಿಕೆಯ ಅವಧಿ ಮುಗಿಯುವ ತನಕ ಮುಟ್ಟುವಂತಿಲ್ಲ. ಆರೋಪಿಗಳು ಎಂಬ ಪದ ಈ ಕಲಮಿನಲ್ಲಿ ಎಲ್ಲಿಯೂ ಇಲ್ಲ.

ಇದರ ಫಲ ವಿಚಿತ್ರ. ಒಬ್ಬನ ಮೇಲೆ ಕೊಲೆ ಆರೋಪವಿದೆ, ವಿಚಾರಣೆ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ಇನ್ನೊಬ್ಬ ಬೇಲಿ ಜರುಗಿಸಿದ ವಿಚಾರಕ್ಕೆ ಪಕ್ಕದ ತೋಟದವನೊಡನೆ ಎರಡು ಸಲ ಕೈಕೈ ಮಿಲಾಯಿಸಿದ್ದಾನೆ. ಪೊಲೀಸರ ವರದಿಯ ಮೇಲೆ ತಾಲ್ಲೂಕು ದಂಡಾಧಿಕಾರಿ ವಿಚಾರಣೆ ನಡೆಸಿ, ಒಂದು ವರ್ಷ ಶಾಂತಿ ಕಾಪಾಡುವಂತೆ ಅವನಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಮಿನಡಿ ಆಗುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮಿನಡಿ ಆಗುತ್ತಿದೆ. ಬೇಲಿ ಜಗಳದವನು ಆ ಒಂದು ವರ್ಷ ಕೋವಿ ಇಟ್ಟುಕೊಳ್ಳುವಂತೆಯೇ ಇಲ್ಲ, ಯಾವ ಅಧಿಕಾರಿಯ ವಿವೇಚನೆಗೂ ಅಲ್ಲಿ ಎಡೆಯಿಲ್ಲ. ಕೊಲೆ ಆರೋಪಿಯ ವಿಷಯದಲ್ಲಿ ಮಾತ್ರ ಯಾರಾದರೂ ಕಡತ ಬಿಚ್ಚಿ, ಯೋಚಿಸಿ, ಆದೇಶ ಬರೆಯಬೇಕು. (126ರ ನೋಟಿಸು ಬಂದ ಮಾತ್ರಕ್ಕೆ ಈ ನಿಷೇಧ ಬೀಳುವುದಿಲ್ಲ, ವಿಚಾರಣೆ ನಡೆದು ಆದೇಶವಾಗಬೇಕು. ನೋಟಿಸಿಗೂ ಆದೇಶಕ್ಕೂ ಇರುವ ಈ ಅಂತರ ಎಷ್ಟೋ ಜನರಿಗೆ ಗೊತ್ತಿಲ್ಲ.)

ಮೇಲ್ನೋಟಕ್ಕೆ ಇದು ತಲೆಕೆಳಗಾದ ನ್ಯಾಯದಂತೆ ಕಾಣುತ್ತದೆ. ಸ್ವಲ್ಪ ನಿಂತು ನೋಡಿದರೆ ಅದರೊಳಗಿನ ತರ್ಕ ತಿಳಿಯುತ್ತದೆ. ಆರೋಪ ಎನ್ನುವುದು ನಡೆದುಹೋದ ಘಟನೆಯ ಬಗ್ಗೆ ಒಂದು ಪಕ್ಷ ಹೇಳುತ್ತಿರುವ ಮಾತು. ಮುಚ್ಚಳಿಕೆಯ ಆದೇಶವೋ, ಈ ಮನುಷ್ಯ ಮುಂದೆ ಶಾಂತಿ ಕದಡಬಹುದು ಎಂದು ಅಧಿಕಾರವುಳ್ಳವರೊಬ್ಬರು ಇಬ್ಬರ ಮಾತನ್ನೂ ಕೇಳಿ ಬಂದ ತೀರ್ಮಾನ. ಕೋವಿಯ ಕಾನೂನಿಗೆ ಬೇಕಾಗಿರುವುದು ಈ ಎರಡನೆಯದು. ನೀನು ಏನು ಮಾಡಿದೆ ಎನ್ನುವುದಕ್ಕಿಂತ ನಿನ್ನ ಕೈಯಲ್ಲಿ ಕೋವಿ ಇದ್ದರೆ ನಾಳೆ ಏನಾಗಬಹುದು ಎನ್ನುವುದನ್ನು ಅದು ಹೆಚ್ಚು ಕೇಳುತ್ತದೆ.

ಹಾಗೆಂದು ಆರೋಪಿ ನಿಶ್ಚಿಂತೆಯಿಂದ ಇರಬಹುದೆಂದಲ್ಲ. ಹೊಸದಾಗಿ ಪರವಾನಗಿ ಕೇಳಿದರೆ 14ನೇ ಕಲಂ ಎದುರಾಗುತ್ತದೆ. ಅರ್ಜಿದಾರ ಯಾವುದೇ ಕಾರಣಕ್ಕೆ ಯೋಗ್ಯನಲ್ಲ ಎನಿಸಿದರೆ, ಅಥವಾ ಸಾರ್ವಜನಿಕ ಶಾಂತಿ ಮತ್ತು ಸುರಕ್ಷತೆಗೆ ಅಗತ್ಯವೆನಿಸಿದರೆ ಅಧಿಕಾರಿ ನಿರಾಕರಿಸಬೇಕು. ‘ಯಾವುದೇ ಕಾರಣಕ್ಕೆ’ ಎನ್ನುವುದು ಎಷ್ಟು ಅಗಲದ ಬಾಗಿಲು ಎಂದು ಬೇರೆ ಹೇಳಬೇಕಿಲ್ಲ. ಇನ್ನೊಂದು ಕಡೆ ಇದೇ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆಂದು ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ) ಕೇಳುವ ರೈತನಿಗೆ ಪರವಾನಗಿ ‘ಕೊಡತಕ್ಕದ್ದು’ ಎನ್ನುತ್ತದೆ. ಅಷ್ಟರ ಮಟ್ಟಿಗೆ ಅದು ಹಕ್ಕಿನ ಹತ್ತಿರಕ್ಕೆ ಬರುತ್ತದೆ. ಆದರೆ 14ನೇ ಕಲಂ ಆ ‘ಕೊಡತಕ್ಕದ್ದ’ನ್ನೂ ಮೀರಿ ನಿಲ್ಲುತ್ತದೆ. ಈಗಾಗಲೇ ಪರವಾನಗಿ ಇರುವವನಿಗೆ 17ನೇ ಕಲಂ. ಅಯೋಗ್ಯತೆ, ಸಾರ್ವಜನಿಕ ಸುರಕ್ಷತೆ, ಅರ್ಜಿಯಲ್ಲಿ ವಿಷಯ ಮುಚ್ಚಿಟ್ಟದ್ದು, ಷರತ್ತು ಮುರಿದದ್ದು ಇವುಗಳಲ್ಲಿ ಯಾವುದಾದರೂ ಇದ್ದರೆ ಪರವಾನಗಿಯನ್ನು ಇಂತಿಷ್ಟು ಕಾಲ ಅಮಾನತಿನಲ್ಲಿಡಬಹುದು ಅಥವಾ ರದ್ದು ಮಾಡಬಹುದು. ಆದೇಶ ಲಿಖಿತವಾಗಿರಬೇಕು, ಕಾರಣ ದಾಖಲಾಗಬೇಕು. 18ನೇ ಕಲಮಿನಡಿ ಮೇಲಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ಈ ಕಲಂಗಳ ಮೇಲೆ ಬಂದ ತೀರ್ಪುಗಳಲ್ಲಿ ಬಹುಪಾಲು ಅಲಹಾಬಾದ್ ಹೈಕೋರ್ಟಿನವು. ದೇಶದಲ್ಲಿ ಅತಿ ಹೆಚ್ಚು ಬಂದೂಕು ಪರವಾನಗಿಗಳಿರುವುದು ಉತ್ತರ ಪ್ರದೇಶದಲ್ಲಿ ಎಂಬುದನ್ನು ನೆನಪಿಟ್ಟರೆ ಇದು ಸಹಜ. 1972ರ ಮಸಿಉದ್ದೀನ್ ಪ್ರಕರಣದಿಂದ 1998ರ ಮಧುಕರ್ ಪ್ರಕರಣದವರೆಗೆ, ಅದರ ನಂತರವೂ, ಆ ನ್ಯಾಯಾಲಯ ಒಂದು ಮಾತನ್ನು ಮತ್ತೆ ಮತ್ತೆ ಹೇಳಿದೆ. ಕ್ರಿಮಿನಲ್ ಪ್ರಕರಣ ಬಾಕಿ ಇದೆ ಎನ್ನುವುದೊಂದೇ ಪರವಾನಗಿ ರದ್ದು ಮಾಡಲು ಸಾಲದು. ದುರುಪಯೋಗವಾದೀತು ಎಂಬ ಬರಿಯ ಶಂಕೆಯೂ ಸಾಲದು. ಈ ವ್ಯಕ್ತಿಯ ಬಳಿ ಆಯುಧ ಇರುವುದು ಸಾರ್ವಜನಿಕ ಶಾಂತಿಗೆ ಹೇಗೆ ಅಪಾಯ ಎಂಬುದನ್ನು ಅಧಿಕಾರಿ ಆಧಾರಸಹಿತ ಬರೆಯಬೇಕು. ಚೆಕ್ ಬೌನ್ಸ್ ಪ್ರಕರಣದ ಆರೋಪಿಯನ್ನೂ ಪರವಾನಗಿಯ ಕೋವಿಯನ್ನೇ ಹಿಡಿದು ಬೆದರಿಸಿದ ಆರೋಪಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹೈಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಇದೆಲ್ಲ ಸಮಾಧಾನ ಕೊಡುತ್ತದೆ. ಹತ್ತದವರ ಕಥೆ ಠಾಣೆಯಲ್ಲಿಯೇ ತೀರ್ಮಾನವಾಗುತ್ತದೆ. ಪರವಾನಗಿ ಕೊಡುವಾಗಲೂ ನವೀಕರಿಸುವಾಗಲೂ ಪೊಲೀಸ್ ವರದಿ ಬರಬೇಕು. ಅದರಲ್ಲಿ ‘ಸದರಿಯವರ ವಿರುದ್ಧ ಪ್ರಕರಣ ದಾಖಲಾಗಿರುತ್ತದೆ’ ಎಂಬ ಒಂದು ಸಾಲು ಸೇರಿದರೆ ಕಡತ ಅಲ್ಲಿಗೇ ಭಾರವಾಗುತ್ತದೆ. ಯಾವ ಪ್ರಕರಣ, ಯಾರು ದೂರು ಕೊಟ್ಟದ್ದು, ಕೋವಿಗೂ ಅದಕ್ಕೂ ಏನು ಸಂಬಂಧ ಎಂದು ಅಗೆದು ನೋಡುವ ವ್ಯವಧಾನ ಎಲ್ಲ ಕಚೇರಿಗಳಲ್ಲೂ ಇರುವುದಿಲ್ಲ. ರೌಡಿ ಪಟ್ಟಿಯಲ್ಲಿ ಹೆಸರಿದ್ದರಂತೂ ಕೇಳುವುದೇ ಬೇಡ. ಅಮಾನತು ಎಂಬ ಪದ ಕೇಳಲು ಮೃದುವಾಗಿದೆ. ‘ಪ್ರಕರಣ ಇತ್ಯರ್ಥವಾಗುವವರೆಗೆ ಅಮಾನತು’ ಎಂದರೆ ನಮ್ಮ ನ್ಯಾಯಾಲಯಗಳ ವೇಗದಲ್ಲಿ ಅದು ರದ್ದತಿಯ ಚಿಕ್ಕತಮ್ಮ.

ಈಗ ಕಡಲಾಚೆಗೆ. ಅಮೆರಿಕದಲ್ಲಿ ಆರಂಭದ ಬಿಂದುವೇ ತಿರುಗುಮುರುಗು. ಅಲ್ಲಿ 1791ರ ಎರಡನೇ ತಿದ್ದುಪಡಿ ಆಯುಧವನ್ನು ಹಕ್ಕಾಗಿಸಿದೆ. ಅದು ವ್ಯಕ್ತಿಯೊಬ್ಬನ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟಿನ 2008ರ ಹೆಲ್ಲರ್ ತೀರ್ಪು ಖಚಿತಪಡಿಸಿತು. ಹಾಗಾದರೆ ಅಲ್ಲಿ ಆರೋಪಿಯ ಗತಿ? ಒಂದು ವರ್ಷಕ್ಕಿಂತ ಹೆಚ್ಚು ಜೈಲಾಗಬಹುದಾದ ಅಪರಾಧಕ್ಕೆ ಔಪಚಾರಿಕ ದೋಷಾರೋಪ ಹೊತ್ತವನು ಬಂದೂಕನ್ನು ಹೊಸದಾಗಿ ಪಡೆಯುವಂತಿಲ್ಲ, ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವಂತಿಲ್ಲ ಎಂದು ಕೇಂದ್ರದ ಕಾನೂನು ಹೇಳುತ್ತದೆ. ಬರಿಯ ಬಂಧನವಾದರೆ ಇದು ಅನ್ವಯಿಸುವುದಿಲ್ಲ. ಸ್ವಾರಸ್ಯ ಇರುವುದು ಅದು ಬಿಟ್ಟುಬಿಟ್ಟ ಪದದಲ್ಲಿ. ಆಗಲೇ ಮನೆಯಲ್ಲಿರುವ ಬಂದೂಕನ್ನು ‘ಇಟ್ಟುಕೊಳ್ಳಬಾರದು’ ಎಂದು ಅದು ಹೇಳುವುದಿಲ್ಲ. ದೋಷಾರೋಪಕ್ಕೆ ಮುಂಚೆ ಕಪಾಟಿನಲ್ಲಿ ಹತ್ತು ಬಂದೂಕುಗಳಿದ್ದರೆ ಈ ಕಲಮಿನ ಮಟ್ಟಿಗೆ ಹತ್ತೂ ಅಲ್ಲೇ ಇರಬಹುದು. ಹನ್ನೊಂದನೆಯದನ್ನು ಕೊಂಡರೆ ಅಪರಾಧ.

2023ರ ಸೆಪ್ಟೆಂಬರಿನಲ್ಲಿ ಇದು ನಗೆಪಾಟಲಿನ ಸುದ್ದಿಯಾಯಿತು. ಹಲವು ದೋಷಾರೋಪಗಳನ್ನು ಹೊತ್ತಿದ್ದ ಡೊನಾಲ್ಡ್ ಟ್ರಂಪ್ ದಕ್ಷಿಣ ಕ್ಯಾರೊಲಿನಾದ ಬಂದೂಕು ಅಂಗಡಿಯೊಂದಕ್ಕೆ ಹೋದರು. ಅವರು ಗ್ಲಾಕ್ ಪಿಸ್ತೂಲು ಕೊಂಡರು ಎಂದು ಅವರ ವಕ್ತಾರರು ಮೊದಲು ಪ್ರಕಟಿಸಿದರು. ಕೊಂಡಿದ್ದರೆ ಅದು ಮತ್ತೊಂದು ಅಪರಾಧವಾದೀತು ಎಂಬ ಮಾತು ಎದ್ದಿತು. ಆ ಪೋಸ್ಟ್ ಮಾಯವಾಯಿತು. ಕೊಳ್ಳಲು ಇಷ್ಟಪಟ್ಟರು ಅಷ್ಟೇ, ಕೊಳ್ಳಲಿಲ್ಲ ಎಂಬ ಸ್ಪಷ್ಟನೆ ಬಂದಿತು.

ಮನೆಯಲ್ಲಿರುವ ಬಂದೂಕಿಗೆ ಅಲ್ಲಿ ಬೇರೆ ದಾರಿ ಇದೆ. ಜಾಮೀನು ಕೊಡುವಾಗ ನ್ಯಾಯಾಧೀಶರು ಆಯುಧ ಹೊಂದಬಾರದು ಎಂಬ ಷರತ್ತು ಹಾಕಬಹುದು. ಅನೇಕ ವೇಳೆ ಹಾಕುತ್ತಾರೆ. ಕಾನೂನು ಎಲ್ಲ ಆರೋಪಿಗಳಿಗೂ ಒಟ್ಟಾಗಿ ಹೇಳದ್ದನ್ನು ಒಬ್ಬ ಆರೋಪಿಯನ್ನು ಎದುರಿಗೆ ನಿಲ್ಲಿಸಿಕೊಂಡ ನ್ಯಾಯಾಧೀಶ ಹೇಳಬಹುದು. ನನಗೆ ಇದು ಸರಿಯಾದ ಜಾಗದಲ್ಲಿ ಇಟ್ಟ ಅಧಿಕಾರ ಎನಿಸುತ್ತದೆ.

2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬ್ರುಯೆನ್ ಪ್ರಕರಣದಲ್ಲಿ ಹೊಸ ಒರೆಗಲ್ಲು ತಂದಿತು. ಬಂದೂಕಿನ ಮೇಲೆ ನಿರ್ಬಂಧ ಹೇರಬೇಕಾದರೆ ಆ ದೇಶದ ಚರಿತ್ರೆಯಲ್ಲಿ ಅಂಥದೇ ನಿರ್ಬಂಧದ ಪರಂಪರೆ ಇತ್ತೆಂದು ಸರ್ಕಾರ ತೋರಿಸಬೇಕು ಎಂಬುದು ಅದರ ತಿರುಳು. ತೀರ್ಪು ಬಂದ ಮೂರೇ ತಿಂಗಳಲ್ಲಿ ಟೆಕ್ಸಸ್‌ನ ನ್ಯಾಯಾಧೀಶರೊಬ್ಬರು ದೋಷಾರೋಪಿತರು ಬಂದೂಕು ಪಡೆಯಬಾರದೆಂಬ ಕಲಮನ್ನೇ ಅಸಾಂವಿಧಾನಿಕ ಎಂದುಬಿಟ್ಟರು. ಮೇಲಿನ ನ್ಯಾಯಾಲಯ 2025ರಲ್ಲಿ ಅದನ್ನು ತಿರುಗಿಸಿ ಕಲಮನ್ನು ಉಳಿಸಿತು. ಆ ನಡುವೆ ಬಂದದ್ದು 2024ರ ಜೂನ್ 21ರ ರಹೀಮಿ ತೀರ್ಪು. ಸಂಗಾತಿಯ ಮೇಲೆ ಹಿಂಸೆ ನಡೆಸಿದವನಿಗೆ ನ್ಯಾಯಾಲಯ ದೂರವಿರುವಂತೆ ಆದೇಶಿಸಿತ್ತು, ಆದರೆ ಆ ಹಿಂಸೆಗಾಗಿ ಅಪರಾಧಿ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ. ಅಂಥವನ ಬಂದೂಕು ಕಸಿಯಬಹುದೇ? ಕಸಿಯಬಹುದು ಎಂದು ಎಂಟು ನ್ಯಾಯಮೂರ್ತಿಗಳು ಹೇಳಿದರು. ಒಬ್ಬರು, ಕ್ಲಾರೆನ್ಸ್ ಥಾಮಸ್, ಒಪ್ಪಲಿಲ್ಲ. ಇನ್ನೊಬ್ಬರ ದೇಹಕ್ಕೆ ನಂಬಲರ್ಹವಾದ ಬೆದರಿಕೆ ಒಡ್ಡುತ್ತಾನೆ ಎಂದು ನ್ಯಾಯಾಲಯ ಕಂಡುಕೊಂಡಿದ್ದರೆ ಅವನನ್ನು ತಾತ್ಕಾಲಿಕವಾಗಿ ನಿರಾಯುಧನನ್ನಾಗಿಸಬಹುದು ಎಂಬುದು ಬಹುಮತದ ನಿಲುವು.

ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಈ ಪರಂಪರೆಯನ್ನು ಹುಡುಕಿ ತೆಗೆದದ್ದು ಎಲ್ಲಿಂದ ಗೊತ್ತೇ? ಹಳೆಯ ಮುಚ್ಚಳಿಕೆ ಕಾನೂನುಗಳಿಂದ. ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ, ಶಾಂತಿ ಕದಡಬಹುದೆಂದು ಶಂಕಿಸಲಾದವನಿಂದ ಜಾಮೀನುದಾರರ ಸಮೇತ ಮುಚ್ಚಳಿಕೆ ಬರೆಸಿಕೊಳ್ಳುವ ಪದ್ಧತಿ ಇತ್ತು. 19ನೇ ಶತಮಾನದ ಅಮೆರಿಕದ ರಾಜ್ಯಗಳು, ಮುಖ್ಯವಾಗಿ 1836ರಲ್ಲಿ ಮ್ಯಾಸಚೂಸೆಟ್ಸ್, ಅದನ್ನು ಆಯುಧ ಹಿಡಿದು ಓಡಾಡುವವರಿಗೂ ಅನ್ವಯಿಸಿದವು. ಬ್ರಿಟಿಷರು ನಮಗೆ ಬಿಟ್ಟುಹೋದ ಮುಚ್ಚಳಿಕೆಯೂ ಅದೇ ಬೇರಿನ ಚಿಗುರು. ವಾಷಿಂಗ್ಟನ್ನಿನ ಅಮೃತಶಿಲೆಯ ಕಟ್ಟಡದಲ್ಲಿ ರಹೀಮಿಯ ಬಂದೂಕಿನ ಬಗ್ಗೆ ತೀರ್ಮಾನವಾದದ್ದು, ನಮ್ಮ ತಾಲ್ಲೂಕು ಕಚೇರಿಯ ವರಾಂಡದಲ್ಲಿ ಬೇಲಿ ಜಗಳದವನು ಸಹಿ ಹಾಕುವ ಕಾಗದದ ಅಣ್ಣತಮ್ಮಂದಿರ ಬಲದ ಮೇಲೆ. ಹಕ್ಕಿನಿಂದ ಹೊರಟ ದೇಶವೂ ಅನುಮತಿಯಿಂದ ಹೊರಟ ದೇಶವೂ ಬಂದು ಸೇರಿದ್ದು ಹೆಚ್ಚುಕಡಿಮೆ ಒಂದೇ ಕಟ್ಟೆಗೆ.

ನಮ್ಮಲ್ಲಿ ಈ ಪ್ರಶ್ನೆ ಸಾವಿರಾರು ಮನೆಗಳಿಗೆ ಒಟ್ಟಿಗೇ ಬರುವುದು ಚುನಾವಣೆಯ ಹೊತ್ತಿಗೆ. ನೀತಿಸಂಹಿತೆ ಜಾರಿಯಾಯಿತೆಂದರೆ ಮಲೆನಾಡು, ಕರಾವಳಿಯ ಠಾಣೆಗಳ ಮುಂದೆ ಕೋವಿ ಹೊತ್ತವರ ಸಾಲು. ಒಂಟಿನಳಿಗೆ, ಜೋಡುನಳಿಗೆ, ಅಜ್ಜನ ಕಾಲದ ಕೇಪಿನ ಕೋವಿ ಎಲ್ಲವೂ ರಸೀದಿ ಪಡೆದು ಒಳಗೆ ಹೋಗುತ್ತವೆ. ಅತ್ತ ಕಾಡುಹಂದಿಗೆ ಗದ್ದೆಯ ಬಾಗಿಲು ತೆರೆದಂತಾಗುತ್ತದೆ. ಹಂದಿಗಳಿಗೆ ನೀತಿಸಂಹಿತೆ ಇಲ್ಲ. ಆದರೆ ಚುನಾವಣಾ ಆಯೋಗದ ಸೂಚನೆಯಲ್ಲಿ ಎಲ್ಲರ ಕೋವಿಯನ್ನೂ ಗುಡಿಸಿ ತರಬೇಕೆಂದು ಇಲ್ಲ. ಪ್ರತಿ ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಇರಬೇಕು. ಅದು ವಿಶೇಷವಾಗಿ ನೋಡಬೇಕಾದ ಪರವಾನಗಿದಾರರು ಮೂರು ಬಗೆಯವರು: ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯುಳ್ಳವರು, ಹಿಂದೆ, ಅದರಲ್ಲೂ ಚುನಾವಣೆಯ ಸಮಯದಲ್ಲಿ, ಗಲಭೆಯಲ್ಲಿ ಭಾಗಿಯಾದವರು. ಅಂದರೆ ಆರೋಪಿಯನ್ನು ಗುರುತಿಸಿ ಹೇಳುವ ಅಪರೂಪದ ನಿಯಮ ಇದು. ಅದು ಕೂಡ ಕೇಳುವುದು ಒಬ್ಬೊಬ್ಬರನ್ನೂ ಪರಿಶೀಲಿಸಿ ಎಂದೇ. ಸಾರಾಸಗಟು ಆದೇಶ ಸಲ್ಲದು ಎಂದು ಬೇರೆ ಬೇರೆ ಹೈಕೋರ್ಟುಗಳು ಹೇಳಿದ್ದೂ ಇದೆ. ಒಬ್ಬೊಬ್ಬರ ಕಡತ ನೋಡುವುದಕ್ಕಿಂತ ಎಲ್ಲರಿಂದಲೂ ತರಿಸಿಕೊಳ್ಳುವುದು ಸುಲಭ. ಆ ಸುಲಭದ ಬೆಲೆಯನ್ನು ಯಾವ ಆರೋಪವೂ ಇಲ್ಲದ ರೈತ ತೆರುತ್ತಾನೆ.

ಕೊಡಗಿನ ಮಾತು ಬೇರೆ. ಅಲ್ಲಿ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯೇ ಬೇಡ. 1861ರಲ್ಲಿ ಮೈಸೂರು ಮತ್ತು ಕೊಡಗಿನ ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ನಮ್ಮ ಕಬ್ಬನ್ ಪಾರ್ಕಿನ ಅದೇ ಕಬ್ಬನ್, ಕೊಡವರನ್ನು ನಿರಾಯುಧೀಕರಣದ ಕಾನೂನಿನಿಂದ ಹೊರಗಿಟ್ಟರು. ಗಂಡುಮಗು ಹುಟ್ಟಿದಾಗ ಗುಂಡು ಹಾರಿಸುವ, ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಂದು ತೋಕ್‌ಗೆ, ಅಂದರೆ ಕೋವಿಗೆ, ಹೂ ಮುಡಿಸುವ ಜನ ಅವರು. ಕೇಂದ್ರ ಸರ್ಕಾರ 2019ರಲ್ಲಿ ಈ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಪರವಾನಗಿಯೇ ಇಲ್ಲದಲ್ಲಿ ಅಮಾನತು ಮಾಡುವುದೇನನ್ನು? ಚುನಾವಣಾ ಆಯೋಗ ಈ ಗಂಟನ್ನು ನೇರವಾಗಿ ಬಿಡಿಸಿದೆ. ಸಂಪ್ರದಾಯದಿಂದ ಆಯುಧ ಹೊಂದುವ ಸಮುದಾಯಗಳಿಗೆ ಅದರ ನಿರ್ಬಂಧ ಅನ್ವಯಿಸುವುದಿಲ್ಲ. ಆದರೆ ಆ ಸಮುದಾಯದ ಯಾರಾದರೂ ಹಿಂಸೆಗೆ ಇಳಿದರೆ, ಶಾಂತಿಗೆ ಅಪಾಯವಾದರೆ, ಅವರ ಆಯುಧವನ್ನು ಜಿಲ್ಲಾಡಳಿತ ವಶಪಡಿಸಿಕೊಳ್ಳಬಹುದು. ವಿನಾಯಿತಿ ಸಮುದಾಯದ್ದು, ನಡತೆ ಒಬ್ಬೊಬ್ಬರದು.

ಉಳಿದದ್ದು ಕೋವಿಯೇ ಎಲ್ಲಿರುತ್ತದೆ ಎಂಬ ವ್ಯಾವಹಾರಿಕ ಸಂಗತಿ. ಪರವಾನಗಿ ಅಮಾನತಾದರೆ ಅಥವಾ ರದ್ದಾದರೆ ಕೋವಿಯನ್ನು ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಶಸ್ತ್ರ ವ್ಯಾಪಾರಿಯ ಬಳಿ ಠೇವಣಿ ಇಡಬೇಕು. ಇಡದೆ ಮನೆಯಲ್ಲೇ ಉಳಿಸಿಕೊಂಡರೆ ಅದು ಅಕ್ರಮ ಆಯುಧ, ಅಲ್ಲಿಂದ ಹೊಸದೊಂದು ಪ್ರಕರಣ. ಮಾಲೀಕತ್ವ ಮಾತ್ರ ಆಗಲೂ ಅವನದೇ. ಪರವಾನಗಿ ಇರುವ ಇನ್ನೊಬ್ಬರಿಗೆ ಕೊಡುವ ಅವಕಾಶವೂ ನಿಗದಿತ ಅವಧಿಯೊಳಗೆ ಇರುತ್ತದೆ. ಅದೇ ಪ್ರಕರಣದ ಸಾಕ್ಷ್ಯವೆಂದು ವಶಪಡಿಸಿಕೊಂಡ ಕೋವಿಯಾದರೆ ನ್ಯಾಯಾಲಯದ ಅಪ್ಪಣೆ ಇಲ್ಲದೆ ಅಲುಗಾಡದು.

ಖುಲಾಸೆಯಾದ ದಿನ ಕೋವಿ ತಾನಾಗಿ ಮನೆಗೆ ನಡೆದು ಬರುವುದಿಲ್ಲ. ತೀರ್ಪಿನ ದೃಢೀಕೃತ ಪ್ರತಿ, ಠೇವಣಿಯ ರಸೀದಿ, ಅಮಾನತು ತೆರವಿಗೆ ಅರ್ಜಿ ಹಿಡಿದು ಹೋಗಬೇಕು. ಅಮಾನತಿನ ನಡುವೆ ಪರವಾನಗಿಯ ಐದು ವರ್ಷದ ಅವಧಿ ಮುಗಿದಿದ್ದರೆ ನವೀಕರಣವೂ ಜೊತೆಗೆ ಸೇರುತ್ತದೆ. ಅರ್ಜಿ ಮತ್ತೆ ವರದಿಗೆಂದು ಹೋಗುವುದು ಮೊದಲ ದಿನ ಪ್ರಕರಣ ದಾಖಲಿಸಿದ ಅದೇ ಠಾಣೆಗೆ. ಎಲ್ಲ ದಾಟಿ ಕೋವಿ ಕೈಗೆ ಬಂದಾಗ ನಳಿಗೆಯ ಮೇಲಿನ ಸಂಖ್ಯೆಯನ್ನು ರಸೀದಿಯೊಡನೆ ತಾಳೆ ನೋಡಿಯೇ ಸಹಿ ಹಾಕುವುದು ಒಳ್ಳೆಯದು. ತುಕ್ಕಿಗೆ ಎಣ್ಣೆಯನ್ನು ಮನೆಗೆ ಬಂದ ಮೇಲೆ ಹಾಕಿಕೊಳ್ಳಬಹುದು.